ಕೊಳೆ ಅಡಿಕೆಯ ಸೈಕ್ಲೋಹೆಕ್ಸೇನ್

ಬಿ.ಎಸ್ಸಿ. ಎರಡನೇ ವರ್ಷ, ಶಿರಸಿಯ ಮಳೆಗಾಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ನಮ್ಮ ಸರ್ ಒಂದು ದಿನ ಕೊಳೆರೋಗಕ್ಕೆ ಉದುರಿದ ಎಳೆ ಅಡಿಕೆಗಳನ್ನೂ ಒಂದು ಹಿಡಿ ಹಿಡಿಕಡ್ಡಿಯನ್ನೂ ತಂದು ಲ್ಯಾಬಿನ ಮೇಜಿನ ಮೇಲೆ ಸುರುವಿದರು. ಅಡಿಕೆ ಕಾರ್ಬನ್, ಕಡ್ಡಿ ಬಂಧ. ಅಡಿಕೆಗೆ ನಾಲ್ಕು ಕಡ್ಡಿ, ನಾಲ್ಕೂ ಒಂದರಿಂದೊಂದು ಆದಷ್ಟು ದೂರ ಇರುವಂತೆ ಚುಚ್ಚಬೇಕು. ಹಾಗೆ ಚುಚ್ಚಿದರೆ ಕೋನ ತಾನಾಗಿಯೇ 109.5 ಡಿಗ್ರಿಯ ಆಸುಪಾಸಿಗೆ ಬರುತ್ತದೆ.

ಆರು ಅಡಿಕೆಗಳ ಉಂಗುರ ಕಟ್ಟಿದೆವು, ಅಂದರೆ ಆರು ಕಾರ್ಬನ್‌ಗಳ ಸೈಕ್ಲೋಹೆಕ್ಸೇನ್. ಹೊರಗುಳಿದ ಕಡ್ಡಿಗಳ ತುದಿಯಲ್ಲಿ ಹೈಡ್ರೋಜನ್ ಇದೆಯೆಂದು ಲೆಕ್ಕ. ಅದು ಚಪ್ಪಟೆಯಾಗಿ ಕೂರಲೇ ಇಲ್ಲ. ಒತ್ತಿದರೆ ಸಿಪ್ಪೆ ಸೀಳುತ್ತಿತ್ತು. ಒಂದು ಮೇಲೆ, ಪಕ್ಕದ್ದು ಕೆಳಗೆ, ಹೀಗೆ ಕುರ್ಚಿಯ ಆಕಾರಕ್ಕೆ ಬಿಟ್ಟಾಗಲೇ ನೆಮ್ಮದಿ. ಉಂಗುರಗಳೆಲ್ಲ ಚಪ್ಪಟೆಯೆಂದು 1885ರಲ್ಲಿ ರಸಾಯನಶಾಸ್ತ್ರಜ್ಞ ಬೇಯರ್ ಲೆಕ್ಕ ಹಾಕಿದ್ದರು. ಹಾಗಿರಬೇಕಿಲ್ಲವೆಂದು 1890ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಸಾಕ್ಸೆ ಹೇಳಿದರೆ ಕಿವಿಗೊಟ್ಟವರು ಕಡಿಮೆ. ಮೂರು ವರ್ಷಕ್ಕೆ ಅವರು ತೀರಿಯೂ ಹೋದರು. ಆಕಾರದ ಈ ವಿಚಾರವನ್ನು ಗಟ್ಟಿಮಾಡಿದ ಹಾಸೆಲ್ ಮತ್ತು ಬಾರ್ಟನ್ ಅವರಿಗೆ 1969ರಲ್ಲಿ ನೊಬೆಲ್ ಬಂತು. ಬೋರ್ಡಿನ ಮೇಲೆ ಸರ್ ದೊಡ್ಡದಾಗಿ ಬರೆದದ್ದು ಮಾತ್ರ ಸಾಕ್ಸೆಯ ಹೆಸರು. ಅದು ನ್ಯಾಯವೆಂದೇ ನನಗೆ ಇಂದಿಗೂ ಅನಿಸುತ್ತದೆ.

"ತಂಗೀ, ಮೇಲಿಂದ ನೋಡಬೇಡ. ಒಂದು ಬಂಧದ ನೇರಕ್ಕೆ ಕಣ್ಣಿಟ್ಟು ನೋಡು," ಎಂದರು ಸರ್.

ನೋಡಿದೆ. ಮುಂದಿನ ಅಡಿಕೆಯ ಕಡ್ಡಿಗಳ ಸಂದಿನಲ್ಲಿ ಹಿಂದಿನದರ ಕಡ್ಡಿಗಳು ಕಂಡವು, ಒಂದೂ ಇನ್ನೊಂದರ ಮರೆಯಲ್ಲಿಲ್ಲ. ಉಂಗುರವನ್ನು ದೋಣಿಯ ಆಕಾರಕ್ಕೆ ತಿರುಚಿದಾಗ ಎರಡು ಬದಿಯ ಬಂಧಗಳಲ್ಲಿ ಕಡ್ಡಿಯ ಹಿಂದೆಯೇ ಕಡ್ಡಿ ನಿಂತಿತು. ಎರಡೂ ತುದಿಯ ಹೈಡ್ರೋಜನ್‌ಗಳು ಮುಖಾಮುಖಿಯಾದವು. ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಗುಂಪು) ಎಂದು ಏಳನೇ ಅಡಿಕೆಯನ್ನು ನೆಟ್ಟಗೆ ನಿಂತ ಆಕ್ಸಿಯಲ್ ಕಡ್ಡಿಗೆ ಸಿಕ್ಕಿಸಿದರೆ ಅದೇ ಬದಿಯ ಇನ್ನೆರಡು ಆಕ್ಸಿಯಲ್ ಕಡ್ಡಿಗಳಿಗೆ ಇಕ್ಕಟ್ಟು. ಹೊರಕ್ಕೆ ಚಾಚಿದ ಈಕ್ವಟೋರಿಯಲ್ ಕಡ್ಡಿಯಲ್ಲಿ ಬೇಕಾದಷ್ಟು ಜಾಗ.

ಹಾಗೆಂದು ಆಕ್ಸಿಯಲ್ ರೂಪ ಇಲ್ಲವೇ ಇಲ್ಲ ಎಂದಲ್ಲ. ಸಾಮಾನ್ಯ ಉಷ್ಣತೆಯಲ್ಲಿ ನೂರಕ್ಕೆ ಸುಮಾರು 95 ಅಣುಗಳು ಈಕ್ವಟೋರಿಯಲ್, ಉಳಿದವು ಆಕ್ಸಿಯಲ್. ಉಂಗುರ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಮಗುಚುತ್ತಲೇ ಇರುತ್ತದೆ, ಮಗುಚಿದಾಗ ಆಕ್ಸಿಯಲ್ ಈಕ್ವಟೋರಿಯಲ್ ಆಗುತ್ತದೆ, ಈಕ್ವಟೋರಿಯಲ್ ಆಕ್ಸಿಯಲ್. ಪುಸ್ತಕದ ಚಿತ್ರದಲ್ಲಿ ಇದು ಕಾಣುವುದೇ ಇಲ್ಲ. ಈಗ ಓದುತ್ತಿರುವ ಮಕ್ಕಳು ಬೇರೆ ಏನು ಮರೆತರೂ ಇದನ್ನು ಬಿಡಬಾರದು.

ಕೊನೆಗೆ ಬೀಟಾ ಗ್ಲೂಕೋಸ್ ಕಟ್ಟಿದೆವು, ಇದರ ಉಂಗುರದಲ್ಲಿ ಐದು ಕಾರ್ಬನ್, ಒಂದು ಆಕ್ಸಿಜನ್. ಐದೂ ಗುಂಪುಗಳು ಹೊರಮುಖವಾಗಿ ಆರಾಮ ನಿಂತವು. ಆಲ್ಫಾ ಗ್ಲೂಕೋಸಿನಲ್ಲಾದರೆ ಅವುಗಳಲ್ಲಿ ಒಂದು ಆಕ್ಸಿಯಲ್. ನೀರಿನಲ್ಲಿ ನೂರಕ್ಕೆ ಬೀಟಾ ಸುಮಾರು 64, ಆಲ್ಫಾ 36 ಎಂದು ಬಾಯಿಪಾಠ ಮಾಡಿದ್ದ ಅಂಕಿಗೆ ಕಾರಣ ಸಿಕ್ಕಿತೆಂದು ನಾವು ಹಿಗ್ಗುವಷ್ಟರಲ್ಲಿ ಹಿಂದಿನ ಬೆಂಚಿನ ಗೆಳತಿ ಕೇಳಿದಳು: "ಬರೀ ಜಾಗದ್ದೇ ಲೆಕ್ಕವಾದರೆ ಆಲ್ಫಾ ಇನ್ನೂ ಕಡಿಮೆ ಇರಬೇಕಿತ್ತಲ್ಲ, ಸರ್?"

ಸರ್ ಮುಖ ಅರಳಿತು. ಉಂಗುರದೊಳಗಿನ ಆಕ್ಸಿಜನ್ ಮಾಡುವ ಕೆಲಸ ಅದು, ಅನೊಮೆರಿಕ್ ಎಫೆಕ್ಟ್ ಅಂತಾರೆ ಎಂದವರು ಮರುದಿನದ ಇಡೀ ಪೀರಿಯಡ್ಡನ್ನು ಆ ಒಂದು ಪ್ರಶ್ನೆಗೆ ಕೊಟ್ಟರು.