ಡಿಕ್ಕಿಯೊಳಗಿನ ಸಿಡಿ ಪೆಟ್ಟಿಗೆ

“ಕಿತ್ತುಹಾಕಿ ಸಾರ್, ಟಚ್ ಸ್ಕ್ರೀನ್ ಕೂರಿಸೋಣ” ಅಂದರು ಜೆ.ಸಿ. ರಸ್ತೆಯ ಅಂಗಡಿಯವರು, ಡಿಕ್ಕಿ ತೆರೆದೂ ನೋಡದೆ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆಗೇ ಬಂದಿದ್ದ, ಆರು ಸಿಡಿ ತುಂಬಿಟ್ಟು ಬೇಕಾದ್ದನ್ನು ಹಾಡಿಸುವ ಚೇಂಜರ್ ಅದು. ಗುಂಡಿ ಒತ್ತಿದರೆ ಗರಗರ ಸದ್ದು, ಪರದೆಯ ಮೇಲೆ ಎರರ್. ಸಿಡಿ ಜೋಡಿಸುವ ಮ್ಯಾಗಜಿನ್ ಹೊರಗೆ ಬರುತ್ತಲೇ ಇರಲಿಲ್ಲ. ಒಳಗಿದ್ದದ್ದು ಹಳೆಯ ಮಾಲೀಕರ ಸಿಡಿಗಳು. ಅವರ ಅಭಿರುಚಿ ಏನಿತ್ತೋ ಎಂಬ ಕುತೂಹಲ ಬೇರೆ. ಭಾನುವಾರ ನಾನೇ ಬಿಚ್ಚಲು ಕೂತೆ.

ಬ್ಯಾಟರಿ ವೈರ್ ತೆಗೆಯಲಿಲ್ಲ. ತೆಗೆದರೆ ಇಂಥ ಹಳೆಯ ಸ್ಟೀರಿಯೋಗಳು ಸೆಕ್ಯುರಿಟಿ ಕೋಡ್ ಕೇಳಿ ಸತಾಯಿಸುತ್ತವೆ. ಕೀ ಆಫ್ ಮಾಡಿ, ಚೇಂಜರಿನ ಕೇಬಲ್ಲನ್ನಷ್ಟೇ ಎಳೆದೆ. ಮೇಲಿನ ತಗಡು ತೆಗೆದ ಮೇಲೆ ಅಂಗಡಿಯವರ ಮೇಲೆ ನಿಜಕ್ಕೂ ಸಿಟ್ಟು ಬಂತು. ಎಂಥ ಕೆಲಸಗಾರಿಕೆ! ಮೋಟಾರು, ಲೇಸರ್ ಎಲ್ಲ ಹೊತ್ತ ಚೌಕಟ್ಟು ಸ್ಪ್ರಿಂಗು, ರಬ್ಬರುಗಳ ಮೇಲೆ ತೇಲುತ್ತದೆ. ಹಂಪ್ ಹಾರಿದರೂ ಹಾಡು ತಪ್ಪದಿರಲಿ ಅಂತ. ಬೇಕಾದ ಸಿಡಿಯ ಮಟ್ಟಕ್ಕೆ ಅದು ಲಿಫ್ಟಿನ ಹಾಗೆ ಏರಿಳಿಯುತ್ತದೆ, ಒಂದು ಸಣ್ಣ ತೋಳು ಆ ಸಿಡಿ ಕೂತ ತಟ್ಟೆಯನ್ನು ಮ್ಯಾಗಜಿನ್‌ನಿಂದ ಒಳಕ್ಕೆಳೆದುಕೊಳ್ಳುತ್ತದೆ.

ನಾಲ್ಕನೆಯ ತಟ್ಟೆ ಅರ್ಧದಲ್ಲೇ ನಿಂತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಕಾಗದದ ಲೇಬಲ್! ಸಿಡಿಯ ದಪ್ಪ 1.2 ಮಿಲಿಮೀಟರ್, ಯಂತ್ರದಲ್ಲಿರುವ ಸಂದು ಅದಕ್ಕೆ ತಕ್ಕಷ್ಟೇ. ಮನೆಯಲ್ಲಿ ಬರೆದ ಸಿಡಿಗೆ ಚೆಂದಕ್ಕೆಂದು ಅಂಟಿಸಿದ್ದ ಲೇಬಲ್ ಡಿಕ್ಕಿಯ ಕಾವಿಗೆ ಸುರುಟಿ, ಮೇಲಿನ ತಟ್ಟೆಗೆ ಕಚ್ಚಿಕೊಂಡಿತ್ತು. ಮಾರ್ಕರ್ ಪೆನ್ನಿನಲ್ಲಿ ಗೀಚಿದ್ದರೆ ಸಾಕಿತ್ತು ಮಹಾರಾಯರು.

ತಟ್ಟೆಯನ್ನು ಎಳೆದಾಡಿದರೆ ತೋಳಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಗೇರನ್ನು ಹಿಮ್ಮುಖವಾಗಿ ಒಂದೊಂದೇ ಹಲ್ಲು ತಿರುಗಿಸುತ್ತಾ ಹೋದೆ. ಕೊನೆಗೆ ತಟ್ಟೆ ಜಾಗಕ್ಕೆ ಸರಿಯಿತು, ಮ್ಯಾಗಜಿನ್ ಟಕ್ಕೆಂದು ಹೊರಗೆ ಜಿಗಿಯಿತು. ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಲೆನ್ಸಿನ ಮೇಲೂ ಹಗುರವಾಗಿ ಆಡಿಸಿದೆ. ತಗಡು ಮುಚ್ಚುವವರೆಗೆ ಕರೆಂಟು ಕೊಡಲಿಲ್ಲ. ಸಿಡಿಯ ಲೇಸರ್ 780 ನ್ಯಾನೋಮೀಟರಿನ ಇನ್‌ಫ್ರಾರೆಡ್, ಉರಿಯುತ್ತಿದ್ದರೂ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ; ಗೊತ್ತಾಗದೆ ದಿಟ್ಟಿಸಿದರೆ ಕಣ್ಣಿಗೇ ಅಪಾಯ.

ಈಗ ಐದು ಸಿಡಿ ಸಲೀಸಾಗಿ ಹಾಡುತ್ತಿವೆ: ಮೂರು ಭಾವಗೀತೆ, ಒಂದು ವೀಣೆ, ಇನ್ನೊಂದು ಯಾರದೋ ಮದುವೆಯ ನಾದಸ್ವರ. ಆರನೆಯದು ಎಂಪಿ3 ಡಿಸ್ಕ್. ಅದನ್ನು ಓದುವ ವಿದ್ಯೆ ಈ ಚೇಂಜರಿಗೆ ಮೊದಲಿನಿಂದಲೂ ಇಲ್ಲ.