ಪುಷ್ಯ ಮಳೆಯಲ್ಲಿ ಮೀಟರ್ ಗೇಜ್

ಸೋಮವಾರ ಮೆಣಸಿನ ಬಳ್ಳಿ ಕೇಳಿಕೊಂಡು ಬಂದವರು ಬಳ್ಳಿಯ ಕಟ್ಟು ಹೊತ್ತುಕೊಂಡು ಹೋದರು. ಅವರು ಆಡಿದ ಒಂದು ಮಾತು ಮಾತ್ರ ಇಲ್ಲೇ ಉಳಿದುಬಿಟ್ಟಿದೆ. ‘ನಮ್ದೂ ಹಂಗೇಯ.’

ಅವರು ಸಕಲೇಶಪುರ ಘಟ್ಟದ ರೈಲು ಲೈನಿನಲ್ಲಿ ಕೀಮ್ಯಾನ್ ಆಗಿದ್ದು ನಿವೃತ್ತರಾದವರು. ಹಳಿಗಳ ನಡುವೆ ಒಂದೇ ಮೀಟರ್ ಅಂತರದ ಮೀಟರ್ ಗೇಜ್ ಇದ್ದಾಗಲೂ ನಡೆದವರು, ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಬಂದ ಮೇಲೂ ನಡೆದವರು. ಭುಜದ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ತಮ್ಮ ಪಾಲಿನ ಹಳಿಯನ್ನು ದಿನಾ ಕಾಲಿನಲ್ಲಿ ಅಳೆದವರು. ಮಳೆ ಜೋರಾಯಿತು ಅಂತ ಒಳಗೆ ಕರೆದೆ. ಗೋದಾಮಿನ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಕೇಳದೆಯೇ ಹೋಗಿ, ನಾನು ಹವ್ಯಾಸಕ್ಕೆ ಕಟ್ಟುತ್ತಿರುವ ಪುಟ್ಟ ಮಾಡೆಲ್ ರೈಲಿನ ಲೇಔಟಿನ ಮುಂದೆ ನಿಂತರು.

ಸಾಮಾನ್ಯವಾಗಿ ಇದನ್ನು ನೋಡಿದವರು ಮೊದಲು ಎಂಜಿನ್ನಿಗೆ ಕೈ ಹಾಕುತ್ತಾರೆ. ಇವರು ಹಾಗೆ ಮಾಡಲಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ಹಳಿಯ ಉದ್ದಕ್ಕೂ ನೋಟ ಹರಿಸಿದರು. ಆಮೇಲೆ ಉಗುರಿನ ತುದಿಯಿಂದ ಹಳಿ ಸವರುತ್ತಾ ಬಂದರು. ಎರಡು ಹಳಿ ಸೇರುವ ಕಡೆ ಉಗುರು ನಿಂತಿತು.

‘ಗ್ಯಾಪ್ ಬಿಟ್ಟೀರಲ್ಲ.’

‘ಹೌದು.’

‘ಬ್ಯಾಸಿಗೇಲಿ ಮುಚ್ಕತ್ತದಾ?’

‘ಮುಚ್ಕೊಳುತ್ತೆ. ಈಗ ಮಳೆಗೆ ಬಾಯಿ ಬಿಟ್ಟಿದೆ.’

‘ನಮ್ದೂ ಹಂಗೇಯ.’

ಅಷ್ಟೇ. ಆಮೇಲೆ ಮಾತು ಮೆಣಸಿನ ಸೊರಗು ರೋಗದ ಕಡೆ ಹೊರಳಿತು. ನನಗೆ ಮಾತ್ರ ಅದನ್ನು ದಾಟಿ ಮುಂದೆ ಹೋಗಲಿಕ್ಕೆ ಆಗಲಿಲ್ಲ. ಒಂದಕ್ಕೆ ಎಂಬತ್ತೇಳರ ಅಳತೆಯ, ಅಂದರೆ ನಿಜದ್ದನ್ನು ಎಂಬತ್ತೇಳು ಪಟ್ಟು ಕಿರಿದು ಮಾಡಿದ, 12 ಮಿಲಿಮೀಟರ್ ಅಗಲದ ನನ್ನ ಹಳಿಯನ್ನೂ, ಜೀವಮಾನವಿಡೀ ತಾವು ಕಾದ ಹಳಿಯನ್ನೂ ಅವರು ಒಂದೇ ಸಾಲಿನಲ್ಲಿ ಇಟ್ಟು ಮಾತಾಡಿದರು. ಅದರಲ್ಲಿ ನನ್ನನ್ನು ಖುಷಿಪಡಿಸುವ ಉದ್ದೇಶವೇನೂ ಇರಲಿಲ್ಲ. ಹಾಗೆ ಮಾತಾಡುವ ಜನ ಅವರಲ್ಲ.

ನಿಜ ಹೇಳಬೇಕೆಂದರೆ ಎರಡೂ ಸಂದು ಮುಚ್ಚುವುದು ಬೇಸಿಗೆಯಲ್ಲೇ ಆದರೂ ಕಾರಣ ಬೇರೆ ಬೇರೆ. ಅವರ ಲೈನಿನಲ್ಲಿ ಬಿಸಿಲಿಗೆ ಉಕ್ಕು ಹಿಗ್ಗಿ ಸಂದು ಮುಚ್ಚುತ್ತದೆ. ನನ್ನ ಲೈನಿನಲ್ಲಿ ಉಕ್ಕಿಲ್ಲ, ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿ. ಎರಡು ಮೀಟರ್ ಉದ್ದ ಹಳಿ, ಕೋಣೆಯ ಶಾಖ ಹದಿನೈದು ಡಿಗ್ರಿ ಏರಿದರೂ, ಹಿಗ್ಗುವುದು ಅರ್ಧ ಮಿಲಿಮೀಟರ್ ಆಸುಪಾಸು. ಇಲ್ಲಿ ಆಟ ಆಡಿಸುವುದು ಹಳಿಯ ಕೆಳಗಿನ ಮರ. ಫೆಬ್ರವರಿ–ಮಾರ್ಚಿನ ಒಣಹವೆಯಲ್ಲಿ ಪಟ್ಟಿ, ಹಲಗೆ ಎಲ್ಲ ನೀರಾರಿ ಕುಗ್ಗುತ್ತವೆ. ಮೇಲಿನ ಹಳಿ ಕುಗ್ಗುವುದಿಲ್ಲ, ಅದಕ್ಕೆ ಜಾಗ ಸಾಲದೆ ಸಂದು ಮುಚ್ಚುತ್ತದೆ. ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಕಳೆಯಲಿ, ಮರ ಮತ್ತೆ ನೀರು ಕುಡಿದು ಉಬ್ಬುತ್ತದೆ, ಸಂದು ಬಾಯಿ ಬಿಡುತ್ತದೆ. ಉಕ್ಕು ಬೆಳೆದು ಮುಚ್ಚಿದರೇನು, ಮರ ಸೊರಗಿ ಮುಚ್ಚಿದರೇನು, ನೋಡುವ ಉಗುರಿಗೆ ಎರಡೂ ಒಂದೇ. ಇದನ್ನೆಲ್ಲ ಅವರಿಗೆ ವಿವರಿಸಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಭಾವಮೈದುನನೂ ಕೋಣೆಯಲ್ಲಿದ್ದ. ಅವನೂ ಒಂದು ಪ್ರಶ್ನೆ ಕೇಳಿದ. ‘ವರ್ಷಕ್ಕೆ ಒಟ್ಟು ಎಷ್ಟು ಗಂಟೆ ಕೊಡ್ತೀರ ಭಾವ ಇದಕ್ಕೆ?’ ಒಳ್ಳೆಯ ಹುಡುಗ, ಕಷ್ಟಕ್ಕಾಗುವವನು. ಆದರೆ ಓದು, ನಡಿಗೆ, ನಿದ್ದೆ ಎಲ್ಲವನ್ನೂ ಗಂಟೆಯಲ್ಲಿ ಅಳೆದು ಇಡುವ ಅಭ್ಯಾಸ ಅವನಿಗೆ. ಒಂದೇ ಕೋಣೆಯಲ್ಲಿ, ಒಂದೇ ಹಳಿಯ ಮುಂದೆ ಇಬ್ಬರು ನಿಂತು, ಒಬ್ಬರು ಕಾಲ ಯಾವುದು ಅಂತ ಕೇಳಿದರು, ಇನ್ನೊಬ್ಬ ಗಂಟೆ ಎಷ್ಟು ಅಂತ ಕೇಳಿದ. ಈ ಹವ್ಯಾಸಕ್ಕೆ, ಕನಿಷ್ಠ ಸಕಲೇಶಪುರದ ಕಡೆಯ ನಮ್ಮಂಥವರ ಮನೆಯಲ್ಲಿ, ಮೊದಲನೆಯದೇ ಸರಿಯಾದ ಪ್ರಶ್ನೆ.

ಇಂಗ್ಲೆಂಡ್, ಅಮೆರಿಕದವರಿಗೆ ಮಾಡೆಲ್ ರೈಲು ಚಳಿಗಾಲದ ಕೆಲಸ. ಹೊರಗೆ ಹಿಮ, ಬೇಗ ಕತ್ತಲು. ಬೇಸ್‌ಮೆಂಟಿಗೆ ಇಳಿದು ಸಾಲ್ಡರಿಂಗ್ ಕಡ್ಡಿ ಬಿಸಿಮಾಡುತ್ತಾರೆ. ಅಮೆರಿಕದಲ್ಲಿ ನವೆಂಬರನ್ನೇ ಮಾಡೆಲ್ ರೈಲಿನ ತಿಂಗಳು ಅಂತ ಆಚರಿಸುತ್ತಾರೆ. ಬೇಸಿಗೆ ಬಂತೆಂದರೆ ಕೋಣೆಯ ಲೇಔಟಿಗೆ ರಜೆ, ತೋಟದಲ್ಲಿ ಹಳಿ ಹಾಕಿದವರಿಗೆ ಹಬ್ಬ. ಅವರ ಪುಸ್ತಕ ಓದಿ ಈ ಕೆಲಸ ಕಲಿತ ನಾವು ಅವರ ಪಂಚಾಂಗವನ್ನೂ ಜೊತೆಗೇ ತಂದುಕೊಂಡುಬಿಡುತ್ತೇವೆ. ಅದು ಇಲ್ಲಿಗೆ ಹೊಂದುವುದಿಲ್ಲ. ಕಾಫಿ ತೋಟದವನಿಗೆ ನವೆಂಬರಿನಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು? ಅರೇಬಿಕಾ ಹಣ್ಣಾಗಿರುತ್ತದೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಜೊತೆಗೆ ಮೆಣಸು. ಪಲ್ಪರ್, ಕಣ, ಕೂಲಿಯವರ ಲೆಕ್ಕ. ಕೋಣೆಯೂ ಆಗ ನನ್ನದಲ್ಲ. ಒಣಗಿದ ಕಾಫಿ ಮೂಟೆಗಳು ಲೇಔಟ್ ಹೊತ್ತ ಬೇಸ್‌ಬೋರ್ಡಿನ ಹೊಟ್ಟೆ ಮುಟ್ಟುವವರೆಗೆ ಒಳಗೆ ಕೂತಿರುತ್ತವೆ. ರಾತ್ರಿ ಊಟವಾದ ಮೇಲೆ ಒಂದು ಗಾಡಿ ಓಡಿಸಬಹುದು, ಆದರೆ ತಂತಿ ಮುಟ್ಟಲು ಕೆಳಗೆ ನುಸುಳುವ ಹಾಗಿಲ್ಲ.

ಹಾಗಾದರೆ ಮಳೆಗಾಲವೇ ನಮ್ಮ ಕಾಲ ಅನ್ನಿ. ಪುನರ್ವಸು, ಪುಷ್ಯ ಮಳೆಯಲ್ಲಿ ತೋಟಕ್ಕೆ ಕಾಲಿಡಲಾಗದ ದಿನಗಳು ಬೇಕಾದಷ್ಟು. ಸಮಯ ಕೈತುಂಬ ಇರುತ್ತದೆ. ಆದರೆ ಸಾಮಾನು ಮಾತು ಕೇಳುವುದಿಲ್ಲ. ಫೆಬ್ರವರಿಯಲ್ಲಿ ರಾತ್ರಿ ಹಾಕಿದ ಬ್ಯಾಲಸ್ಟ್, ಅಂದರೆ ಹಳಿಯ ನಡುವಿನ ಜಲ್ಲಿ, ನೀರು ಬೆರೆಸಿದ ಫೆವಿಕಾಲ್ ಹೀರಿಕೊಂಡು ಬೆಳಿಗ್ಗೆಗೆ ಕಲ್ಲಾಗಿರುತ್ತದೆ. ಜುಲೈನಲ್ಲಿ ಅದೇ ಅಂಟು ದಿನಗಟ್ಟಲೆ ಹಸಿಯಾಗಿಯೇ ಇದ್ದು, ಹುಳಿ ವಾಸನೆ ಹೊಡೆದು, ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಗುಡ್ಡದ ಬಂಡೆ ಮಾಡುವ ಪ್ಲಾಸ್ಟರ್ ಆಫ್ ಪ್ಯಾರಿಸ್ ನಿಮಿಷಗಳಲ್ಲಿ ಗಟ್ಟಿಯಾಗುವುದೇನೋ ಸರಿ. ಆದರೆ ಅದರೊಳಗಿನ ನೀರು ಹೋಗಲು ಹವೆ ಬೇಕಲ್ಲ? ಗಾಳಿಯ ತೇವ ಅಳೆಯುವ ಕೋಣೆಯ ಹೈಗ್ರೋಮೀಟರ್ ಶೇಕಡಾ 90ರಿಂದ ಕೆಳಗೆ ಇಳಿಯದ ವಾರಗಳಲ್ಲಿ ಬಂಡೆಗೆ ಬಣ್ಣ ಹಚ್ಚಿದರೆ ಸಿಪ್ಪೆ ಎದ್ದು ಬರುತ್ತದೆ. ಸಮಯವಿದ್ದಾಗ ಒಣ ಇಲ್ಲ, ಒಣ ಇದ್ದಾಗ ಸಮಯವಿಲ್ಲ. ಮಲೆನಾಡಿನಲ್ಲಿ ಈ ಕೆಲಸ ಹಿಡಿದವರೆಲ್ಲ ಮೊದಲು ಎದುರಿಸುವುದು ಇದನ್ನೇ.

ದಾರಿ ಇದೆ. ಯಾವ ಮಳೆಗೆ ಯಾವ ಕೆಲಸ ಅಂತ ತೋಟದಲ್ಲಿ ಇರುವ ಹಾಗೆಯೇ ಇಲ್ಲೂ ಇದೆ. ಗೊಬ್ಬರ ಯಾವಾಗ, ಬೋರ್ಡೋ ದ್ರಾವಣದ ಸಿಂಪಡಣೆ ಯಾವಾಗ, ಕಪಾತು ಯಾವಾಗ ಅಂತ ಯಾರೂ ಗಡಿಯಾರ ನೋಡಿ ನಿರ್ಧರಿಸುವುದಿಲ್ಲ. ಅಂಟು, ಪ್ಲಾಸ್ಟರ್, ಬಣ್ಣಗಳೆಲ್ಲ ಮಾರ್ಚ್–ಏಪ್ರಿಲ್‌ಗೆ, ಹೂಮಳೆ ಬಿದ್ದು ನೀರು ಕೊಡುವ ಗಡಿಬಿಡಿ ತಪ್ಪಿದ ಮೇಲೆ. ಮಳೆಗಾಲಕ್ಕೆ ಕತ್ತರಿಸುವುದು, ಉಜ್ಜುವುದು, ಬೆಸೆಯುವುದು. ಪ್ಲಾಸ್ಟಿಕ್ ಹಾಳೆಗೆ ಮಳೆಯ ಹಂಗಿಲ್ಲ. ವೈಡಿಎಂ-4 ಎಂಬ ಮೀಟರ್ ಗೇಜ್ ಡೀಸೆಲ್ ಎಂಜಿನ್ನಿನ ನನ್ನ ಮಾದರಿಯ ಮೈ ಪೂರ್ತಿ ಮಳೆಗಾಲದಲ್ಲೇ ಎದ್ದದ್ದು. ಉದ್ದನೆಯ ಮೂತಿಯ ಬಾಗಿಲುಗಳ ಗೆರೆ ಒಂದೊಂದಾಗಿ ಕೊರೆಯುವಾಗ ಮೇಲೆ ಹೆಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಕೈ ತಾನಾಗಿ ನಿಧಾನವಾಗುತ್ತದೆ. ಗೆರೆ ನೇರ ಬರುವುದು ಆಗಲೇ.

ಮಣ್ಣಿನ ಕೆಲಸಕ್ಕಂತೂ ಬೇಸಿಗೆಯೇ ಬೇಕು. ದೋಣಿಗಾಲ್ ಕಡೆಯ ರಸ್ತೆ ಪಕ್ಕದ ಕೆಂಪು ಮಣ್ಣನ್ನು ಬಿಸಿಲಲ್ಲಿ ಹರಡಿ, ಕಾಫಿಪುಡಿಯಷ್ಟು ನುಣ್ಣಗೆ ಜರಡಿ ಹಿಡಿದು, ಕಾಗದದ ಮೇಲೆ ತೆಳ್ಳಗೆ ಹರವಿ ಅದರ ಮೇಲೆ ಅಯಸ್ಕಾಂತ ಆಡಿಸಬೇಕು. ನಮ್ಮ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಪ್ರತಿ ಸಲವೂ ಅಯಸ್ಕಾಂತದ ಅಂಚಿಗೆ ಕಪ್ಪು ಮೀಸೆ ಮೂಡುತ್ತದೆ. ಅದನ್ನು ತೆಗೆಯದೆ ಹಳಿಯ ಪಕ್ಕ ಹಾಕಿದರೆ ಎಂಜಿನ್ನಿನ ಮೋಟಾರಿನಲ್ಲಿರುವ ಅಯಸ್ಕಾಂತ ಆ ಕಣಗಳನ್ನು ಎಳೆದುಕೊಂಡು ಒಳಗೆ ಸೇರಿಸಿಕೊಳ್ಳುತ್ತದೆ. ಒದ್ದೆ ಮಣ್ಣಿನಲ್ಲಿ ಈ ಕೆಲಸ ಸಾಧ್ಯವೇ ಇಲ್ಲ, ಕಣ ಕಣಕ್ಕೆ ಅಂಟಿಕೊಂಡಿರುತ್ತದೆ.

ಇನ್ನು ಕರೆಂಟು. ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಲೈನು ಸರಿಹೋಗುವುದು ಯಾವತ್ತೋ. ಆದರೆ ಗಾಡಿಗೆ ಬೇಕಾಗಿರುವುದು ಬರೀ 12 ವೋಲ್ಟ್ ಡಿಸಿ. ಹಳೆಯ ಜೀಪಿನ ಬ್ಯಾಟರಿಯಿಂದ ಒಂದು ಫ್ಯೂಸ್ ದಾಟಿಸಿ ಕಂಟ್ರೋಲರಿಗೆ ಕೊಟ್ಟರೆ ಸಾಕು. ಫ್ಯೂಸ್ ಮಾತ್ರ ಬಿಡಬಾರದು. ಗಾಡಿ ಹಳಿ ತಪ್ಪಿ ಶಾರ್ಟ್ ಆದರೆ ಬ್ಯಾಟರಿ ತಂತಿಯನ್ನೇ ಕೆಂಪಗೆ ಕಾಯಿಸುತ್ತದೆ. ಹಳಿಯ ಮೇಲಿನ ತೇವದ ಪದರವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಚಿಮಣಿ ಬೆಳಕಿನಲ್ಲಿ ಐವತ್ತಕ್ಕೊಂದರ ಏರಿನಲ್ಲಿ ಗಾಡಿ ಬಿಟ್ಟಾಗ ಮನೆಯವರೆಲ್ಲ ಬಂದು ನಿಲ್ಲುತ್ತಾರೆ. ಏರು ಘಟ್ಟದ್ದೇ ಲೆಕ್ಕ. ಎರಡು ಮೀಟರಿಗೆ ನಾಲ್ಕು ಸೆಂಟಿಮೀಟರ್.

ಘಟ್ಟದ ನಿಜವಾದ ಲೈನು ಶುರುವಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರ್, 57 ಸುರಂಗ. 1996ರಲ್ಲಿ ಗೇಜ್ ಬದಲಿಸಲು ಮುಚ್ಚಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ 2007ರ ಡಿಸೆಂಬರಿನಲ್ಲಿ. ನಾನು ಕಟ್ಟುತ್ತಿರುವುದು ಮುಚ್ಚುವುದಕ್ಕೆ ಮುಂಚಿನ ಆ ಮೀಟರ್ ಗೇಜ್ ಲೈನನ್ನು. ನನ್ನ ಬಾಲ್ಯದ ಲೈನು ಅದು, ಸೋಮವಾರ ಬಂದವರ ಯೌವನದ ಲೈನು.

ಆ ಲೈನಿಗೂ ಕಾಲವೇ ಯಜಮಾನ. ರೈಲ್ವೆಯಲ್ಲಿ ಬಿಸಿಲಿಗೆ ಒಂದು ಗಸ್ತು, ಚಳಿಗೆ ಒಂದು ಗಸ್ತು, ಮಳೆಗೆ ಒಂದು ಗಸ್ತು. ಬಿಸಿಲಲ್ಲಿ ಹಳಿ ಸೊಟ್ಟಗಾದೀತೆಂದು, ಚಳಿಯ ರಾತ್ರಿಯಲ್ಲಿ ಬಿಗಿದು ತುಂಡಾದೀತೆಂದು, ಮಳೆಯಲ್ಲಿ ಕೆಳಗಿನ ನೆಲವೇ ಹೋದೀತೆಂದು. ಘಟ್ಟದಲ್ಲಿ ಮೂರನೆಯದೇ ದೊಡ್ಡದು. 2018ರ ಆಗಸ್ಟಿನಲ್ಲಿ ಎಷ್ಟೋ ಕಡೆ ಗುಡ್ಡ ಜಾರಿ ಲೈನು ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ನಾವು ಮನೆಯೊಳಗೆ ಬೆಚ್ಚಗೆ ಕೂತು ಎಂಜಿನ್ನಿನ ಬಾಗಿಲ ಗೆರೆ ಕೊರೆಯುವ ಅದೇ ರಾತ್ರಿಗಳಲ್ಲಿ ಕಂಬಳಿ ಹೊದ್ದು, ಕೈದೀಪ ಹಿಡಿದು ಯಾರೋ ಅಲ್ಲಿ ನಡೆಯುತ್ತಿರುತ್ತಾರೆ. ಅವರ ಬಗ್ಗೆ ನಮ್ಮೂರಿನಲ್ಲಿ ಮಾತಾಡುವವರು ಕಡಿಮೆ. ರೈಲಿನ ಕಿಟಕಿಯಿಂದ ಜಲಪಾತದ ವಿಡಿಯೋ ತೆಗೆಯುವವರು ಜಾಸ್ತಿ. ಇದು ನನಗೆ ಸರಿಕಾಣುವುದಿಲ್ಲ.

ಈಚೆಗೆ ಕಾಲದ ಲೆಕ್ಕವೂ ಹಿಡಿತಕ್ಕೆ ಸಿಗುತ್ತಿಲ್ಲ. 2021ರ ಜನವರಿಯಲ್ಲಿ ಕೊಯ್ಲಿನ ಮಧ್ಯೆ ಸುರಿದ ಮಳೆಗೆ ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕಣದಲ್ಲಿದ್ದದ್ದು ಒದ್ದೆಯಾಯಿತು. ಅಂಥ ವರ್ಷ ತೋಟದ ಲೆಕ್ಕ ತಪ್ಪಿದರೆ ಕೋಣೆಯ ಲೆಕ್ಕವೂ ತಪ್ಪುತ್ತದೆ. ಮಾರ್ಚಿನಲ್ಲಿ ಆಗಬೇಕಾದ ಬಂಡೆಯ ಕೆಲಸ ಮುಂದಿನ ಮಾರ್ಚಿಗೆ ಹೋಗುತ್ತದೆ. ಭಾವಮೈದುನನಿಗೆ ಇದನ್ನು ಗಂಟೆಯಲ್ಲಿ ಹೇಗೆ ಹೇಳಲಿ? ಗಂಟೆ ಇತ್ತು, ಹವೆ ಇರಲಿಲ್ಲ.

ಕೀಮ್ಯಾನರು ಹೊರಡುವ ಮುಂಚೆ ಇನ್ನೊಮ್ಮೆ ಬಾಗಿಲಲ್ಲಿ ನಿಂತು, ಸುರಂಗದ ಬಾಯಿಯ ಪಕ್ಕ ಮಳೆಗಾಲದ ವಾಚ್‌ಮನ್ನಿಗೆ ಒಂದು ಗುಡಿಸಲು ಇರುತ್ತಿತ್ತು, ಅದನ್ನೂ ಮಾಡಿ ಅಂದರು. ತಗಡಿನ ಮಾಡು, ಮೂರು ಕಡೆ ಗೋಡೆ, ಲೈನಿನ ಕಡೆ ತೆರೆದಿರಬೇಕು, ಒಳಗೆ ಒಂದು ಕಲ್ಲು ಬೆಂಚು. ಅಳತೆಯನ್ನು ಕೈಯಲ್ಲೇ ತೋರಿಸಿದರು. ಮಾಡಿನ ಅಂಚು ಎದೆಯ ಮಟ್ಟ, ಬೆಂಚು ಮೊಣಕಾಲಿಗಿಂತ ಸ್ವಲ್ಪ ಕೆಳಗೆ. ಅವರು ಹೋದ ಮೇಲೆ ಅವರ ಎತ್ತರವನ್ನು ಅಂದಾಜಿಸಿ ಎಂಬತ್ತೇಳರಿಂದ ಭಾಗಿಸಿ ಬರೆದಿಟ್ಟಿದ್ದೇನೆ. ಗೋಡೆ ಪ್ಲಾಸ್ಟಿಕ್ ಹಾಳೆಯದ್ದು, ಈ ಪುಷ್ಯದಲ್ಲೇ ಕತ್ತರಿಸಬಹುದು. ಮಾಡಿಗೆ ತುಕ್ಕಿನ ಬಣ್ಣ ಹಚ್ಚುವುದು ಮಾರ್ಚಿಗೆ.