ಡ್ರೆಸ್ಡೆನ್‌ನ ತಿರುಚಿದ ಗೋಡೆ

ಜರ್ಮನಿಯ ಡ್ರೆಸ್ಡೆನ್‌ನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ನೋಡಲು ಮೊದಲ ಸಲ ಹೋದದ್ದು ಶನಿವಾರ. ಗೇಟು ಹಾಕಿತ್ತು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಂದೇ ಸಿನಗಾಗ್ ನೋಡಲು ಹೋಗುವ ಬುದ್ಧಿವಂತರು ಇರ್ತಾರಾ? ನಾನಿದ್ದೆ. ಸುಮ್ನೆ ಎಲ್ಬೆ ನದಿ ದಂಡೆಯಲ್ಲಿ ಅಡ್ಡಾಡಿ, ಒಪೆರಾ ಹೌಸನ್ನು ಹೊರಗಿನಿಂದ ನೋಡಿಕೊಂಡು ರೂಮಿಗೆ ಬಂದೆ.

ಅದೂ ಒಳ್ಳೆಯದೇ ಆಯಿತು. ಆ ಒಪೆರಾ ಕಟ್ಟಿದ ಗಾಟ್‌ಫ್ರೀಡ್ ಸೆಂಪರ್‌ನೇ ಇಲ್ಲಿನ ಹಳೆಯ ಸಿನಗಾಗನ್ನೂ ಕಟ್ಟಿದವನು. 1838ರಲ್ಲಿ ಶುರು, 1840ರ ಮೇನಲ್ಲಿ ಪ್ರವೇಶ. ಹೊರಗೆ ಮಧ್ಯಯುಗದ ಯುರೋಪಿನ ರೋಮನೆಸ್ಕ್ ಶೈಲಿ, ಮುಂಭಾಗದಲ್ಲಿ ಜೋಡಿ ಗೋಪುರ. ಒಳಗೆ ಹೋದರೆ ಬೇರೆಯೇ ಲೋಕ: ಸ್ಪೇನನ್ನು ಆಳಿದ ಮೂರ್ ಮುಸ್ಲಿಮರ ಅರಮನೆಗಳನ್ನು ನೆನಪಿಸುವ ಕುಸುರಿ. ಸದಾ ಉರಿಯುವ ಬೆಳ್ಳಿ ದೀಪದ ವಿನ್ಯಾಸವೂ ಅವನದೇ.

ಎರಡನೇ ಮಹಾಯುದ್ಧದಲ್ಲಿ, 1945ರ ಬಾಂಬ್ ದಾಳಿಯಲ್ಲಿ ಈ ಹಳೆಯ ಸಿನಗಾಗೂ ಹೋಯಿತು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಅದಕ್ಕೂ ಆರು ವರ್ಷ ಮೊದಲೇ, 1938ರ ನವೆಂಬರ್ 9ರ ರಾತ್ರಿ, ನಾಜಿಗಳು ಬೆಂಕಿ ಇಟ್ಟರು. ಉಳಿದ ಗೋಡೆಗಳನ್ನೂ ಕೆಡವಿಸಿದರು. ಕೆಡವಿದ ಬಿಲ್ಲು ಕಳಿಸಿದ್ದು ಯಾರಿಗೆ ಗೊತ್ತಾ? ಯಹೂದಿ ಸಮುದಾಯಕ್ಕೇ!

ಭಾನುವಾರ ಮತ್ತೆ ಹೋದೆ. ಗೈಡ್ ತಲೆಗೆ ಕಿಪ್ಪಾ, ಅಂದರೆ ಯಹೂದಿಗಳ ಪುಟ್ಟ ಟೋಪಿ ಕೊಟ್ಟರು. ನನ್ನ ಬೋಳು ತಲೆಯ ಮೇಲೆ ಅದು ನಿಲ್ಲಲೇ ಇಲ್ಲ, ಒಂದು ಕೈ ಅದಕ್ಕೇ ಮೀಸಲು.

ಹೊಸ ಸಿನಗಾಗ್ ತೆರೆದದ್ದು 2001ರಲ್ಲಿ, ಅದೇ ನವೆಂಬರ್ 9ರಂದು. ಕಿಟಕಿಯೇ ಕಾಣದ ದೊಡ್ಡ ಕಲ್ಲಿನ ಪೆಟ್ಟಿಗೆ. ಮೊದಲ ನೋಟಕ್ಕೆ ಗೋದಾಮು ಅನ್ನಿಸಿತು, ಸುಳ್ಳು ಹೇಳಲಾರೆ. ಮೂಲೆಗೆ ಬಂದು ಮೇಲೆ ನೋಡಿದಾಗ ತಲೆ ತಿರುಗಿತು. ಕಲ್ಲಿನ ಒಂದೊಂದು ವರಸೆಯೂ ಕೆಳಗಿನದಕ್ಕಿಂತ ತುಸು ತಿರುಗಿಸಿ ಇಟ್ಟದ್ದು. ಇದ್ದ ಜಾಗ ಪೂರ್ವಕ್ಕೆ ನೇರ ಇಲ್ಲ, ಪ್ರಾರ್ಥನೆ ಪೂರ್ವಕ್ಕೇ ಆಗಬೇಕು. ಹಾಗಾಗಿ ಕಟ್ಟಡವೇ ಮೇಲೇರುತ್ತಾ ಹೊರಳಿಕೊಂಡಿದೆ. ಒಳಗೆ ಸುತ್ತಲೂ ಲೋಹದ ಬಲೆಯ ಪರದೆ, ಡೇರೆಯಲ್ಲಿ ಕೂತ ಹಾಗೆ.

ಅಂಗಳದಲ್ಲಿ ಹಳೆಯ ಕಟ್ಟಡ ಎಲ್ಲಿತ್ತು ಅಂತ ಒಡೆದ ಗಾಜಿನ ಚೂರುಗಳಿಂದ ಗುರುತು ಮಾಡಿದ್ದಾರೆ. ಕಾಲಡಿ ಗಾಜು ಮಿನುಗುತ್ತದೆ. ಗೊತ್ತಿಲ್ಲದೆ ಅಡ್ಡ ಹೆಜ್ಜೆ ಇಟ್ಟೆ.

1945ರ ಬಾಂಬಿಗೆ ಹಾಳಾದ ಒಪೆರಾವನ್ನು 1985ರಲ್ಲಿ, ಫ್ರಾವೆನ್‌ಕಿರ್ಖೆ ಚರ್ಚನ್ನು 2005ರಲ್ಲಿ ಹಿಂದಿದ್ದ ರೂಪದಲ್ಲೇ ಎಬ್ಬಿಸಿದರು. ಇದನ್ನು ಮಾತ್ರ ಹಾಗೆ ಕಟ್ಟಲಿಲ್ಲ. ನನಗಂತೂ ಅದೇ ಸರಿ ಅನ್ನಿಸಿತು. ಮೊದಲಿನ ಹಾಗೇ ಇದ್ದಿದ್ದರೆ ಏನೂ ಆಗಿಲ್ಲ ಅಂದ ಹಾಗಾಗ್ತಿತ್ತು, ಅಲ್ವಾ?

ಹಳೆಯದರಲ್ಲಿ ಉಳಿದದ್ದು ಗೋಪುರದ ಒಂದು ದಾವೀದನ ನಕ್ಷತ್ರ, ಅಂದರೆ ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರ. ಆಲ್ಫ್ರೆಡ್ ನೊಯ್‌ಗೆಬಾವರ್ ಎಂಬ ಅಗ್ನಿಶಾಮಕ ಸಿಬ್ಬಂದಿ ಅದನ್ನು ಎತ್ತಿಕೊಂಡು ಹೋಗಿ, ಯುದ್ಧ ಮುಗಿಯುವವರೆಗೆ ಬಚ್ಚಿಟ್ಟ. ಈಗ ಅದು ಹೊಸ ಬಾಗಿಲ ಮೇಲಿದೆ. ಕಿಪ್ಪಾ ವಾಪಸ್ ಕೊಟ್ಟು ಹೊರಗೆ ಬಂದವನು ಅದರ ಕೆಳಗೆ ಒಂದು ನಿಮಿಷ ಜಾಸ್ತಿಯೇ ನಿಂತೆ.